ಸುಣ್ಣ, ಹುಲ್ಲು ಮತ್ತು ಸಡ್ಬರಿಯ ಕರಿಗುಡ್ಡಗಳು

ಟೊರಾಂಟೊದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದಲ್ಲಿರುವ ಸಡ್ಬರಿಯನ್ನು ನಮ್ಮ ಸಂಘದ ಅನೇಕ ಕುಟುಂಬಗಳು ಬೇಸಿಗೆ ರಜೆಯಲ್ಲಿ ನೋಡಿ ಬಂದಿರಬಹುದು. ಮಕ್ಕಳಿಗೆ ಸೈನ್ಸ್ ನಾರ್ತ್ ತೋರಿಸುವುದು, 9 ಮೀಟರ್ ಎತ್ತರದ ‘ಬಿಗ್ ನಿಕಲ್’ ನಾಣ್ಯದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಕಟ್ಟಿಕೊಂಡು ಹೋದ ಚಿತ್ರಾನ್ನವನ್ನು ಕೆರೆಯ ದಡದಲ್ಲಿ ಕುಳಿತು ತಿನ್ನುವುದು, ಸಂಜೆಗೆ ಹಿಂತಿರುಗುವುದು. ಬರುವ ದಾರಿಯಲ್ಲಿ ಎರಡೂ ಕಡೆ ಪೈನ್ ಮತ್ತು ಬರ್ಚ್ ಮರಗಳು ಕಾಣುತ್ತವೆ. ಒಂಟೇರಿಯೊದಲ್ಲಿ ಮರಗಳಿಗೇನು ಬರ ಎಂದುಕೊಂಡು ನಾವು ಅವುಗಳ ಕಡೆ ಎರಡನೇ ಸಲ ನೋಡುವುದಿಲ್ಲ.

ಆದರೆ ಈ ಊರಿನ ಸುತ್ತಲಿನ ಮರಗಳಿಗೆ ಒಂದು ಇತಿಹಾಸವಿದೆ. 1970ರ ಹೊತ್ತಿಗೆ ಇಲ್ಲಿನ ಗುಡ್ಡಗಳ ಮೇಲೆ ಕಪ್ಪು ಬಂಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಹುಲ್ಲು ಕೂಡ ಹುಟ್ಟದ ವಿಷದ ಮಣ್ಣು. ಆ ಮಣ್ಣಿಗೆ ಮತ್ತೆ ಹಸಿರು ಬಂದದ್ದು ಹೇಗೆ, ನಿಜಕ್ಕೂ ಆ ಮಣ್ಣು ‘ಶುದ್ಧ’ವಾಯಿತೇ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸೌದೆ ಮತ್ತು ಗಂಧಕದ ಕಾಲ

1883ರಲ್ಲಿ ಕೆನೇಡಿಯನ್ ಪೆಸಿಫಿಕ್ ರೈಲು ಹಾದಿಯ ಕೆಲಸ ಸಡ್ಬರಿಗೆ ಬಂದಿತ್ತು. ಆ ಕೆಲಸದಲ್ಲಿದ್ದ ಟಾಮ್ ಫ್ಲ್ಯಾನಗನ್ ಎಂಬ ಕಮ್ಮಾರನ ಕಣ್ಣಿಗೆ ತುಕ್ಕು ಬಣ್ಣದ ಕಲ್ಲು ಬಿತ್ತು. ಪರೀಕ್ಷೆ ಮಾಡಿದಾಗ ಅದು ತಾಮ್ರದ ಅದಿರು ಎಂದು ಗೊತ್ತಾಯಿತು. 1886ರಲ್ಲಿ ಕಾಪರ್ ಕ್ಲಿಫ್‌ನಲ್ಲಿ ಗಣಿ ತೆರೆಯಿತು. ತಾಮ್ರಕ್ಕೆಂದು ಅಗೆದವರಿಗೆ ಅದರ ಜೊತೆಗೆ ನಿಕಲ್ ಸಿಕ್ಕಿತು. ಮೊದಮೊದಲು ಅದನ್ನು ಪೀಡೆ ಎಂದುಕೊಂಡರು. ಯುದ್ಧದ ಹಡಗುಗಳ ಕವಚಕ್ಕೆ ನಿಕಲ್ ಬೆರೆಸಿದ ಉಕ್ಕು ಬಹಳ ಗಟ್ಟಿ ಎಂದು ತಿಳಿದ ಮೇಲೆ ಆ ಪೀಡೆಯೇ ಊರಿನ ಭಾಗ್ಯವಾಯಿತು. 1902ರಲ್ಲಿ ಇಂಕೊ ಕಂಪನಿ, 1928ರಲ್ಲಿ ಫಾಲ್ಕನ್‌ಬ್ರಿಜ್ ಕಂಪನಿ ಹುಟ್ಟಿಕೊಂಡವು.

ಈ ಅದಿರಿನಲ್ಲಿ ಗಂಧಕ ಹೇರಳವಾಗಿತ್ತು. ಕುಲುಮೆಗೆ ಹಾಕುವ ಮೊದಲು ಅದನ್ನು ಸುಟ್ಟು ಕಳೆಯಬೇಕು. ಅದಕ್ಕೆ 1888ರಿಂದ ಅನುಸರಿಸಿದ ವಿಧಾನ ತೀರಾ ಸರಳ. ಬಯಲಿನಲ್ಲಿ ಸೌದೆಯನ್ನು ಹಾಸಿಗೆಯಂತೆ ಹರಡಿ, ಮೇಲೆ ಅದಿರನ್ನು ರಾಶಿ ಪೇರಿಸಿ ಬೆಂಕಿ ಕೊಡುವುದು. ನಮ್ಮೂರಿನ ಇಟ್ಟಿಗೆ ಗೂಡು ನೋಡಿದವರಿಗೆ ಇದು ಕಣ್ಣಿಗೆ ಕಟ್ಟೀತು. ವ್ಯತ್ಯಾಸವೆಂದರೆ ಇಲ್ಲಿ ಒಮ್ಮೆ ಹೊತ್ತಿದ ರಾಶಿ ತಿಂಗಳುಗಟ್ಟಲೆ ಉರಿಯುತ್ತಿತ್ತು, ಗಂಧಕದ ಹೊಗೆ ಮೇಲೇರದೆ ನೆಲದ ಮೇಲೆಯೇ ತೆವಳುತ್ತಿತ್ತು. ಸೌದೆಗೆಂದು ಸುತ್ತಲಿನ ಮರ ಕಡಿದರು. ಉಳಿದ ಗಿಡಗಳನ್ನು ಹೊಗೆ ಕೊಂದಿತು. ಒಣಗಿ ನಿಂತದ್ದಕ್ಕೆ ಬೆಂಕಿ ಬಿತ್ತು. ಬೇರಿನ ಹಿಡಿತ ತಪ್ಪಿದ ಮೇಲೆ ಗುಡ್ಡದ ಮಣ್ಣು ಮಳೆಗೆ ಕೊಚ್ಚಿಹೋಯಿತು. ಈ ಬಯಲು ಸುಡುವಿಕೆ ಪೂರ್ತಿ ನಿಂತದ್ದು 1929ರಲ್ಲಿ. ಆ ಹೊತ್ತಿಗೆ ದೊಡ್ಡ ಕುಲುಮೆಗಳು ಚಿಮಣಿಗಳ ಮೂಲಕ ಅದೇ ಹೊಗೆಯನ್ನು ಇನ್ನೂ ವಿಸ್ತಾರವಾಗಿ ಹರಡತೊಡಗಿದ್ದವು.

ಹೊಲ ಸುಟ್ಟುಹೋದ ರೈತರು ಸುಮ್ಮನಿರಲಿಲ್ಲ. ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದರು. ಅದಕ್ಕೆ ಒಂಟೇರಿಯೊ ಸರ್ಕಾರ 1921ರಲ್ಲಿ ಒಂದು ಕಾಯಿದೆ ತಂದು, ಹೊಗೆಯಿಂದಾದ ಬೆಳೆ ನಷ್ಟದ ತಕರಾರುಗಳನ್ನು ಒಬ್ಬ ಪಂಚಾಯ್ತಿದಾರನ ಕೈಗೆ ಒಪ್ಪಿಸಿತು. ರೈತನಿಗೆ ನಷ್ಟದ ಲೆಕ್ಕಕ್ಕೆ ಒಂದಿಷ್ಟು ಹಣ ಸಿಗಬಹುದಿತ್ತು. ಹೊಗೆಯನ್ನು ನಿಲ್ಲಿಸುವ ಮಾತು ಮಾತ್ರ ಎದ್ದೇಳಲಿಲ್ಲ. ಊರಿನ ಬಹಳಷ್ಟು ಮನೆಗಳ ಒಲೆ ಉರಿಯುತ್ತಿದ್ದುದು ಅದೇ ಕುಲುಮೆಗಳ ಸಂಬಳದಿಂದ ಎಂಬುದನ್ನೂ ನಾವು ಮರೆಯಬಾರದು.

1960ರ ದಶಕದಲ್ಲಿ ಈ ಪ್ರದೇಶದಿಂದ ವರ್ಷಕ್ಕೆ ಸುಮಾರು 25 ಲಕ್ಷ ಟನ್ ಗಂಧಕದ ಡೈಆಕ್ಸೈಡ್ ಹೊರಬೀಳುತ್ತಿತ್ತು. ಸುಮಾರು 20,000 ಹೆಕ್ಟೇರ್ ನೆಲ ಪೂರ್ತಿ ಬೋಳಾಗಿತ್ತು. ಅದರ ಸುತ್ತ ಇನ್ನೂ ಸುಮಾರು 80,000 ಹೆಕ್ಟೇರ್ ಅರೆಬೋಳು. ಎರಡೂ ಸೇರಿಸಿದರೆ ಹತ್ತಿರ ಹತ್ತಿರ ಎರಡೂವರೆ ಲಕ್ಷ ಎಕರೆ. ಅರೆಬೋಳು ನೆಲದಲ್ಲಿ ಕುಂಟುತ್ತಾ ಬೆಳೆದ ಬರ್ಚ್ ಮತ್ತು ಹುಳಿ ಮಣ್ಣನ್ನು ಸಹಿಸುವ ಬ್ಲೂಬೆರಿ ಪೊದೆಗಳು ಉಳಿದಿದ್ದವು. ಪೂರ್ತಿ ಬೋಳಾದ ಕಡೆ ಬಂಡೆಗಳೇ ಕಪ್ಪಾಗಿದ್ದವು.

ಇಲ್ಲಿ ಒಂದು ಸ್ವಾರಸ್ಯದ ಮಾತು. ಸಡ್ಬರಿಯ ನೆಲ ಚಂದ್ರನ ಮೇಲ್ಮೈಯಂತೆ ಕಾಣುತ್ತಿದ್ದುದರಿಂದಲೇ ಅಪೊಲೊ ಗಗನಯಾತ್ರಿಗಳು ತರಬೇತಿಗೆ ಅಲ್ಲಿಗೆ ಬಂದರು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. 1971 ಮತ್ತು 1972ರಲ್ಲಿ ಅವರು ಬಂದದ್ದು ನಿಜ, ಕಾರಣ ಮಾತ್ರ ಬೇರೆ. ಸುಮಾರು 185 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಿದ್ದ ಭಾರೀ ಕಾಯವೊಂದರ ಹೊಡೆತಕ್ಕೆ ಆದ ಕುಳಿಯಲ್ಲಿ ಸಡ್ಬರಿ ಇದೆ. ಆ ಹೊಡೆತದ ಗುರುತುಗಳನ್ನು ಹೊತ್ತ ಬಂಡೆಗಳನ್ನು ಗುರುತಿಸಲು ಕಲಿಯುವುದು ಅವರ ಉದ್ದೇಶವಾಗಿತ್ತು. ಆದರೂ ಆ ಕಥೆ ಊರಿನವರ ಮನಸ್ಸಿಗೆ ಚುಚ್ಚಿತ್ತು. ತಮ್ಮ ಊರಿನ ಹೆಸರು ಹೇಳಿದರೆ ಕೇಳಿದವರು ಚಂದ್ರಲೋಕ ಎಂದು ನಗುವುದು ಯಾರಿಗೆ ತಾನೇ ಇಷ್ಟ?

ನೆಟ್ಟ ಸಸಿಗಳು ಸತ್ತದ್ದೇಕೆ?

1969ರಿಂದಲೇ ಗಿಡ ನೆಡುವ ಪ್ರಯತ್ನಗಳು ಶುರುವಾಗಿದ್ದವು. ಹೊರಗಿನಿಂದ ಒಳ್ಳೆಯ ಮಣ್ಣು ತಂದು ಹಾಕಿದ ಕಡೆ ಬಿಟ್ಟರೆ ಸಸಿಗಳು ಹೆಚ್ಚಾಗಿ ಬದುಕಲಿಲ್ಲ. ಮೇಲಿನಿಂದ ಬೀಳುವ ಹೊಗೆ ಒಂದು ಕಾರಣ. ನೆಲದೊಳಗೆ ಇನ್ನೊಂದು ಕಾರಣವಿತ್ತು.

ಹೊಗೆಯ ಜೊತೆ ಎಂಬತ್ತು ವರ್ಷ ಬಿದ್ದ ತಾಮ್ರ ಮತ್ತು ನಿಕಲ್ ಕಣಗಳು ಮಣ್ಣಿನ ಮೇಲ್ಪದರದಲ್ಲಿ ಕೂತಿದ್ದವು. ಕುಲುಮೆಗಳ ಹತ್ತಿರ ಹತ್ತು ಲಕ್ಷ ಪಾಲು ಮಣ್ಣಿಗೆ ಸಾವಿರ ಪಾಲಿಗೂ ಮೀರಿ ಈ ಲೋಹಗಳಿದ್ದವು. ಗಂಧಕದ ಆಮ್ಲದಿಂದ ಮಣ್ಣು ಹುಳಿಯಾಗಿ, ಅದರ ಪಿಎಚ್ ಹಲವೆಡೆ 4ಕ್ಕಿಂತ ಕೆಳಗಿಳಿದಿತ್ತು. ಹುಳಿ ಮಣ್ಣಿನಲ್ಲಿ ಲೋಹಗಳು ಸುಲಭವಾಗಿ ನೀರಿಗೆ ಕರಗುತ್ತವೆ. ಮಣ್ಣಿನಲ್ಲಿ ಸಹಜವಾಗಿಯೇ ಇರುವ ಅಲ್ಯೂಮಿನಿಯಂ ಕೂಡ ಕರಗಿ ಬರುತ್ತದೆ. ಕರಗಿದ ಲೋಹ ತಾಗಿದೊಡನೆ ಎಳೆಯ ಬೇರು ಮೊಟಕಾಗಿ ನಿಲ್ಲುತ್ತದೆ. ಬೇರಿಲ್ಲದ ಸಸಿ ಬೇಸಿಗೆಯಲ್ಲಿ ಒಣಗುತ್ತದೆ. ಚಳಿಗಾಲದಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಅದು ಬುಡಸಮೇತ ಮೇಲಕ್ಕೆ ಬರುತ್ತದೆ. ಸಾಸಿವೆ ಚೆಲ್ಲಿದರೂ ಸಸಿ ಹಾಕಿದರೂ ಗತಿ ಒಂದೇ.

ಲಾರೆನ್ಷಿಯನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕೀತ್ ವಿಂಟರ್‌ಹಾಲ್ಡರ್ ಈ ಮಣ್ಣಿನ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಅವರಿಗೆ ಸಿಕ್ಕ ಉತ್ತರ ಮಲೆನಾಡು ಮತ್ತು ಕರಾವಳಿಯ ಕಡೆಯವರಿಗೆ ಹೊಸದೇನಲ್ಲ. ಹುಳಿ ಮಣ್ಣಿನ ತೋಟಕ್ಕೆ ನಮ್ಮ ಹಿರಿಯರು ಏನು ಹಾಕುತ್ತಿದ್ದರು? ಸುಣ್ಣ! ಸಡ್ಬರಿಯ ಬೋಳು ನೆಲಕ್ಕೂ ಬೇಕಾಗಿದ್ದದ್ದು ಮೊದಲು ಸುಣ್ಣದ ಕಲ್ಲಿನ ಪುಡಿ. ಅದು ಬಿದ್ದರೆ ಮಣ್ಣಿನ ಹುಳಿ ಇಳಿಯುತ್ತದೆ. ಹುಳಿ ಇಳಿದರೆ ತಾಮ್ರ, ನಿಕಲ್, ಅಲ್ಯೂಮಿನಿಯಂ ನೀರಿಗೆ ಬಿಡದೆ ಮಣ್ಣಿನ ಕಣಗಳಿಗೆ ಅಂಟಿ ಕೂರುತ್ತವೆ. ಬೇರಿಗೆ ದಾರಿ ಬಿಡುತ್ತವೆ. ಸುಣ್ಣದ ಜೊತೆ ಕ್ಯಾಲ್ಸಿಯಂ ದೊರೆಯುತ್ತದೆ. ಡಾಲಮೈಟ್ ಸುಣ್ಣಕಲ್ಲಾದರೆ ಮೆಗ್ನೀಸಿಯಂ ಕೂಡ.

ಇದಕ್ಕೂ ಮೊದಲೇ ಇಂಕೊ ಕಂಪನಿಯೊಳಗೆ ಇನ್ನೊಂದು ಪಾಠ ಆಗಿತ್ತು. ಅದಿರು ಅರೆದು ಲೋಹ ತೆಗೆದ ಮೇಲೆ ಉಳಿಯುವ ನುಣ್ಣನೆಯ ಪುಡಿಯ ದಿಬ್ಬಗಳು ಕಾಪರ್ ಕ್ಲಿಫ್ ಪಕ್ಕದಲ್ಲಿ ಬೆಳೆದಿದ್ದವು. ಗಾಳಿ ಬೀಸಿದರೆ ಆ ಧೂಳು ಊರೊಳಗೆ ನುಗ್ಗುತ್ತಿತ್ತು. ಕಂಪನಿಯ ಕೃಷಿ ತಜ್ಞ ಟಾಮ್ ಪೀಟರ್ಸ್ 1957ರಿಂದ ಅದರ ಮೇಲೆ ಸುಣ್ಣ, ಗೊಬ್ಬರ ಹಾಕಿ, ಬೇಗ ಬೆಳೆಯುವ ರೈ ಬೆಳೆಯ ನೆರಳಿನಲ್ಲಿ ಹುಲ್ಲಿನ ಬೀಜ ಬಿತ್ತಿ ಧೂಳನ್ನು ಕಟ್ಟಿಹಾಕಿದರು. ಸತ್ತ ನೆಲದ ಮೇಲೆ ಹುಲ್ಲು ಬರಿಸಬಹುದು ಎಂಬುದು ಹೀಗೆ ಕಣ್ಣಿಗೆ ಕಾಣುವಂತಾಯಿತು.

ಮೊದಲು ಹೊಗೆ ನಿಲ್ಲಬೇಕು

ಮೇಲಿನಿಂದ ಆಮ್ಲ ಸುರಿಯುತ್ತಿರುವಾಗ ಕೆಳಗೆ ಸುಣ್ಣ ಹಾಕಿ ಪ್ರಯೋಜನವಿಲ್ಲ. 1972ರಲ್ಲಿ ಎರಡು ಘಟನೆಗಳು ನಡೆದವು. ಕಾನಿಸ್ಟನ್ ಎಂಬಲ್ಲಿದ್ದ ಕುಲುಮೆ ಮುಚ್ಚಿತು. ಕಾಪರ್ ಕ್ಲಿಫ್‌ನಲ್ಲಿ 381 ಮೀಟರ್ ಎತ್ತರದ ‘ಸೂಪರ್‌ಸ್ಟ್ಯಾಕ್’ ಎಂಬ ಚಿಮಣಿ ಕೆಲಸ ಶುರು ಮಾಡಿತು. ಊರಿನ ಗಾಳಿ ತಿಳಿಯಾಯಿತು. ಆದರೆ ಆ ಎತ್ತರದ ಚಿಮಣಿ ಹೊಗೆಯನ್ನು ದೂರಕ್ಕೆ ಒಯ್ದು ಚೆಲ್ಲಿತು. ಅಂದರೆ ನಮ್ಮ ಅಂಗಳದ ಕಸವನ್ನು ಗುಡಿಸಿ ಪಕ್ಕದ ಮನೆಯ ಅಂಗಳಕ್ಕೆ ತಳ್ಳಿದ ಹಾಗೆ. ಆಮ್ಲದ ಮಳೆಯ ಕೂಗೆದ್ದು, 1985ರಲ್ಲಿ ಒಂಟೇರಿಯೊ ಸರ್ಕಾರ ಕಟ್ಟುನಿಟ್ಟಿನ ಮಿತಿ ಹಾಕಿದ ಮೇಲೆ, ಕಂಪನಿಗಳು ಕುಲುಮೆಯ ಒಳಗೇ ಗಂಧಕವನ್ನು ಹಿಡಿಯುವ ಕ್ರಮಗಳಿಗೆ ಹಣ ಹಾಕಿದವು. 1960ರ ದಶಕಕ್ಕೆ ಹೋಲಿಸಿದರೆ ಹೊಗೆಯಲ್ಲಿನ ಗಂಧಕ ಶೇಕಡಾ 90ಕ್ಕೂ ಹೆಚ್ಚು ಇಳಿದಿದೆ. 2020ರಲ್ಲಿ ಆ ದೈತ್ಯ ಚಿಮಣಿಯ ಬಳಕೆಯೇ ನಿಂತಿತು.

1978ರ ಬೇಸಿಗೆ

1973ರಲ್ಲಿ ಸಡ್ಬರಿಗೆ ಪ್ರಾದೇಶಿಕ ಪುರಸಭೆ ಬಂದಿತು. ಅದರ ಅಡಿಯಲ್ಲಿ ಒಂದು ಸಲಹಾ ಸಮಿತಿ ರಚನೆಯಾಯಿತು. ವಿಶ್ವವಿದ್ಯಾಲಯದವರು, ಕಂಪನಿಯ ತಜ್ಞರು, ಸರ್ಕಾರಿ ಇಲಾಖೆಯವರು, ಊರಿನವರು ಒಂದೇ ಮೇಜಿನ ಸುತ್ತ ಕೂತರು. ಕಾನಿಸ್ಟನ್ ಬಳಿ ಪ್ರಯೋಗದ ತಾಕುಗಳಲ್ಲಿ ಹುಲ್ಲು ಬಂದಿತು. ವಿದ್ಯೆ ಕೈಯಲ್ಲಿತ್ತು. ಸಾವಿರಾರು ಎಕರೆಗೆ ಅದನ್ನು ಹರಡುವ ಜನ ಮತ್ತು ಹಣ ಇರಲಿಲ್ಲ.

ಅದನ್ನು ಒದಗಿಸಿದ್ದು ಒಂದು ಕಷ್ಟಕಾಲ. ನಿಕಲ್ ಮಾರುಕಟ್ಟೆ ಕುಸಿದು, 1977ರ ಕೊನೆಗೆ ಇಂಕೊ ಸಾವಿರಾರು ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಪ್ರತಿ ಬೇಸಿಗೆಯಲ್ಲೂ ಗಣಿಯಲ್ಲಿ ದುಡಿದು ಕಾಲೇಜಿನ ಫೀಸು ಹೊಂದಿಸುತ್ತಿದ್ದ ವಿದ್ಯಾರ್ಥಿಗಳಿಗೆ 1978ರಲ್ಲಿ ಕೆಲಸ ಇಲ್ಲವಾಯಿತು. ಆಗ ಪುರಸಭೆ ಸರ್ಕಾರದ ಉದ್ಯೋಗ ನಿಧಿಯಿಂದ ಹಣ ಪಡೆದು 174 ವಿದ್ಯಾರ್ಥಿಗಳನ್ನು ಗುಡ್ಡ ಹಸಿರು ಮಾಡುವ ಕೆಲಸಕ್ಕೆ ಸೇರಿಸಿಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಇಂಕೊ ಕಾರ್ಮಿಕರ ಮುಷ್ಕರ ಶುರುವಾಗಿ ಮುಂದಿನ ವರ್ಷದ ಜೂನ್ ತನಕ ನಡೆಯಿತು ಎಂದರೆ ಊರಿನ ಸ್ಥಿತಿ ಹೇಗಿತ್ತೆಂದು ಊಹಿಸಬಹುದು. 1982-83ರಲ್ಲಿ ಗಣಿಗಳು ಮತ್ತೆ ತಿಂಗಳುಗಟ್ಟಲೆ ನಿಂತಾಗ ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರೂ ಈ ತಂಡಗಳಲ್ಲಿ ಸೇರಿಕೊಂಡರು. ನೆಲದಡಿಯಿಂದ ಅದಿರು ತಂದ ಕೈಗಳೇ ನೆಲದ ಮೇಲೆ ಸುಣ್ಣ ಎರಚಿದವು.

ಕೆಲಸ ಸುಲಭದ್ದಲ್ಲ. ಬಂಡೆಗಳ ನಡುವೆ ಟ್ರ್ಯಾಕ್ಟರ್ ಹೋಗುವಂತಿರಲಿಲ್ಲ. ಹಾಗಾಗಿ ಸುಣ್ಣದ ಪುಡಿಯ ಚೀಲಗಳನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ, ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸಬೇಕಿತ್ತು. ಹೆಕ್ಟೇರಿಗೆ 10 ಟನ್ ಸುಣ್ಣಕಲ್ಲಿನ ಪುಡಿ, ಆಮೇಲೆ ಸುಮಾರು 400 ಕಿಲೋ ಗೊಬ್ಬರ, ಕೊನೆಗೆ ಬೀಜ. ಬೀಜದ ಮಿಶ್ರಣದಲ್ಲಿ ರೆಡ್‌ಟಾಪ್, ಟಿಮೊಥಿ, ಬ್ಲೂಗ್ರಾಸ್ ಮೊದಲಾದ ಹುಲ್ಲುಗಳಿದ್ದವು. ಜೊತೆಗೆ ಕ್ಲೋವರ್, ಟ್ರೆಫಾಯಿಲ್ ಎಂಬ ದ್ವಿದಳ ಗಿಡಗಳು. ನಮ್ಮಲ್ಲಿ ಹುರುಳಿ, ಅಲಸಂದೆ ಬೆಳೆದರೆ ನೆಲಕ್ಕೆ ಬಲ ಬರುತ್ತದೆ ಎನ್ನುತ್ತಾರಲ್ಲ, ಅದೇ ಲೆಕ್ಕ. ದ್ವಿದಳ ಗಿಡದ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ.

ಹುಲ್ಲು ಬೇರೂರಿ ಮಣ್ಣನ್ನು ಹಿಡಿಯಿತು. ಅದಕ್ಕಿಂತ ಖುಷಿಯ ಸಂಗತಿ ಬೇರೆ ಇದೆ. ಯಾರೂ ಬಿತ್ತದ ಬರ್ಚ್, ಪಾಪ್ಲರ್, ವಿಲ್ಲೋ ಬೀಜಗಳು ಗಾಳಿಯಲ್ಲಿ ಹಾರಿ ಬಂದು ಸುಣ್ಣ ಬಿದ್ದ ಕಡೆಯೆಲ್ಲ ಮೊಳೆತವು. ಕೈಯಲ್ಲಿ ಎರಚಿದ್ದರಿಂದ ಸುಣ್ಣ ಒಂದೇ ಸಮ ಬಿದ್ದಿರಲಿಲ್ಲ. ದಟ್ಟ ಹುಲ್ಲು ಇಲ್ಲದ ಆ ಸಂದುಗಳೇ ಮರದ ಬೀಜಗಳಿಗೆ ಅನುಕೂಲವಾದವು. ಮನುಷ್ಯ ಎಲ್ಲವನ್ನೂ ಮಾಡಬೇಕಾಗಿಲ್ಲ, ಒಂದು ಚಾಲನೆ ಕೊಟ್ಟರೆ ಉಳಿದದ್ದನ್ನು ಪ್ರಕೃತಿ ನೋಡಿಕೊಳ್ಳುತ್ತದೆ ಎಂಬುದು ವಿಂಟರ್‌ಹಾಲ್ಡರ್ ಅವರ ನಿಲುವಾಗಿತ್ತು. 1983ರಿಂದ ಜ್ಯಾಕ್ ಪೈನ್, ಕೆಂಪು ಪೈನ್, ಬಿಳಿ ಪೈನ್ ಸಸಿಗಳನ್ನು ದೊಡ್ಡ ಪ್ರಮಾಣದಲ್ಲಿ ನೆಡತೊಡಗಿದರು. ಇಂಕೊ ತನ್ನ ಕ್ರೈಟನ್ ಗಣಿಯಲ್ಲಿ ನೆಲದಡಿಯ ಬೆಚ್ಚನೆಯ ಸುರಂಗದೊಳಗೆ ವಿದ್ಯುತ್ ದೀಪದ ಬೆಳಕಿನಲ್ಲಿ ಪೈನ್ ಸಸಿಗಳನ್ನು ಬೆಳೆಸಿತು.

1992ರಲ್ಲಿ ರಿಯೊ ಡಿ ಜನೈರೊ ಭೂ ಶೃಂಗಸಭೆಯಲ್ಲಿ ಸಡ್ಬರಿಯ ಈ ಕೆಲಸಕ್ಕೆ ವಿಶ್ವಸಂಸ್ಥೆಯ ಗೌರವ ಸಂದಿತು. 2022ರ ಜುಲೈಯಲ್ಲಿ ಒಂದು ಕೋಟಿಯ ಸಸಿ ನೆಡುವ ಸಮಾರಂಭಕ್ಕೆ ಚಿಂಪಾಂಜಿಗಳ ಅಧ್ಯಯನದಿಂದ ಪ್ರಸಿದ್ಧರಾದ ಜೇನ್ ಗುಡಾಲ್ ಬಂದಿದ್ದರು.

ಲೋಹ ಎಲ್ಲಿಗೆ ಹೋಯಿತು?

ಈಗ ಕೇಳಬೇಕಾದ ಪ್ರಶ್ನೆ ಇದು. ಹಸಿರು ಬಂದಿತು, ಸರಿ. ಮಣ್ಣಿನಲ್ಲಿದ್ದ ತಾಮ್ರ, ನಿಕಲ್ ಏನಾದವು? ಉತ್ತರ: ಎಲ್ಲಿಗೂ ಹೋಗಿಲ್ಲ. ಬಹುಪಾಲು ಅಲ್ಲೇ ಇವೆ. ಸುಣ್ಣ ಅವುಗಳನ್ನು ತೆಗೆಯಲಿಲ್ಲ, ಕಟ್ಟಿಹಾಕಿತು. ಹುಲ್ಲು ಮತ್ತು ಮರಗಳು ಆ ಮಣ್ಣು ಗಾಳಿಗೆ ಹಾರದಂತೆ, ನೀರಿಗೆ ಹರಿಯದಂತೆ ಹಿಡಿದಿವೆ.

ತೆಗೆಯುವ ದಾರಿ ಇಲ್ಲವೇ? ಇದೆ. ಕೆಲವು ಗಿಡಗಳು ಲೋಹವನ್ನು ಬೇರಿನಿಂದ ಹೀರಿ ಎಲೆಗಳಲ್ಲಿ ತುಂಬಿಕೊಳ್ಳುತ್ತವೆ. ಇಟಲಿಯ ಅಲಿಸಮ್ ಜಾತಿಯ ಗಿಡವೊಂದರಲ್ಲಿ ನಿಕಲ್ ಇಷ್ಟು ಹೆಚ್ಚಾಗಿರುವುದನ್ನು 1948ರಲ್ಲೇ ಪ್ರಕಟಿಸಿದ್ದರು. ಇಂಥ ಗಿಡಗಳನ್ನು ಬೆಳೆಸಿ, ಕೊಯ್ದು, ಸುಟ್ಟು, ಬೂದಿಯಿಂದ ಲೋಹ ತೆಗೆಯಬಹುದು ಎಂಬ ವಿಚಾರವನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ರೂಫಸ್ ಚೇನಿ 1983ರಲ್ಲಿ ಮುಂದಿಟ್ಟರು. ನಮ್ಮ ಒಂಟೇರಿಯೊದಲ್ಲೇ, ಈರಿ ಸರೋವರದ ದಡದ ಪೋರ್ಟ್ ಕೋಲ್ಬೋರ್ನ್‌ನಲ್ಲಿ ಇಂಕೊದ ನಿಕಲ್ ಶುದ್ಧೀಕರಣ ಕಾರ್ಖಾನೆ 1918ರಿಂದ 1984ರವರೆಗೆ ನಡೆದು, ಸುತ್ತಲಿನ ಮಣ್ಣಿಗೆ ನಿಕಲ್ ಬಿದ್ದಿತ್ತು. ಚೇನಿ ಮತ್ತು ಅವರ ಜೊತೆಗಾರರು ಆ ಮಣ್ಣಿನಲ್ಲಿ ಸುಣ್ಣವನ್ನೂ ಅಲಿಸಮ್ ಗಿಡವನ್ನೂ ಪರೀಕ್ಷಿಸಿದರು. ಆದರೆ ಈ ದಾರಿ ನಿಧಾನದ್ದು. ವರ್ಷವರ್ಷವೂ ಬಿತ್ತಿ ಕೊಯ್ಯುವ ಹೊಲ ಬೇಕು. ಕರಿಬಂಡೆಯ ಗುಡ್ಡದಲ್ಲಿ ಅದು ಆಗುವ ಮಾತಲ್ಲ. ಹೊರಗಿನ ಗಿಡ ತಂದರೆ ಬೇರೆ ಅಪಾಯವೂ ಇದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ನಿಕಲ್‌ಗೆಂದು ಬೆಳೆದ ಅಲಿಸಮ್ ಹೊಲದ ಬೇಲಿ ದಾಟಿ ಹಬ್ಬಿ, ಕೊನೆಗೆ ಕಳೆಗಳ ಪಟ್ಟಿಗೆ ಸೇರಿತು.

ಸಡ್ಬರಿಯವರು ಆರಿಸಿಕೊಂಡದ್ದು ಕಟ್ಟಿಹಾಕುವ ದಾರಿ. ಅದು ಸಾಕೇ ಎಂಬ ಅನುಮಾನ ಊರಿನಲ್ಲಿ ಸಹಜವಾಗಿಯೇ ಎದ್ದಿತು. 2001ರಲ್ಲಿ ಶುರುವಾದ ದೊಡ್ಡ ಮಣ್ಣಿನ ಅಧ್ಯಯನ ಜನರ ಆರೋಗ್ಯಕ್ಕೆ ಸಂಬಂಧಿಸಿ ಆರ್ಸೆನಿಕ್, ಕೋಬಾಲ್ಟ್, ತಾಮ್ರ, ಸೀಸ, ನಿಕಲ್ ಮತ್ತು ಸೆಲೆನಿಯಂ ಎಂಬ ಆರು ವಸ್ತುಗಳನ್ನು ಪರಿಶೀಲಿಸಿತು. ಗಿಡಮರಗಳ ಬಗ್ಗೆ 2009ರಲ್ಲಿ ಬಂದ ಅದರ ವರದಿ, ಕಾಡು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ, ಹೊಗೆಯ ಪೆಟ್ಟು ಇನ್ನೂ ಇದೆ ಎಂದಿತು. ಅಲ್ಲಿಂದ ಮುಂದೆ ಕೆಲಸದ ರೀತಿ ಬದಲಾಯಿತು. ಬರೀ ಪೈನ್ ಸಾಲುಗಳ ಬದಲು ಬೇರೆ ಬೇರೆ ಜಾತಿಯ ಮರ, ಪೊದೆಗಳು ಬಂದವು. ಆರೋಗ್ಯವಂತ ಕಾಡಿನ ನೆಲದ ಪದರವನ್ನೇ ಹುಲ್ಲು, ಬೇರು, ಸೂಕ್ಷ್ಮಜೀವಿಗಳ ಸಮೇತ ಕತ್ತರಿಸಿ ತಂದು, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹೊಸ ಕಾಡಿನೊಳಗೆ ಅಲ್ಲಲ್ಲಿ ಇಟ್ಟರು.

ಸುಣ್ಣ ಬಿದ್ದದ್ದು ಸುಮಾರು ಮೂರೂವರೆ ಸಾವಿರ ಹೆಕ್ಟೇರಿಗೆ. ಆರಂಭದಲ್ಲಿ ಹೇಳಿದ ಬೋಳು ನೆಲದ ಅಳತೆಯ ಮುಂದೆ ಇದು ಚಿಕ್ಕ ಪಾಲು. ಉಳಿದ ಕಡೆ ಹೊಗೆ ತಗ್ಗಿದ್ದರಿಂದಲೇ ಕಾಡು ನಿಧಾನವಾಗಿ ಒಳಕ್ಕೆ ಬರುತ್ತಿದೆ. ಕರಿಬಂಡೆಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ.

ನಮ್ಮ ಕಡೆಯ ದಿಬ್ಬಗಳು

ಈ ಕಥೆ ಓದುವಾಗ ಕೋಲಾರದ ಕಡೆಯವರಿಗೆ ಕೆ.ಜಿ.ಎಫ್. ನೆನಪಾಗದೆ ಇರದು. ಅಲ್ಲಿಯ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಊರಿನ ಮಗ್ಗುಲಲ್ಲೇ ‘ಸೈನೈಡ್ ದಿಬ್ಬ’ಗಳೆಂದು ಜನ ಕರೆಯುವ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಹಾಗೆಯೇ ನಿಂತವು. ಗಾಳಿಯ ಕಾಲದಲ್ಲಿ ಅವುಗಳ ಧೂಳು ಮನೆಯೊಳಗೆ ಬರುವುದನ್ನು ಅಲ್ಲಿ ಬೆಳೆದವರು ಬಲ್ಲರು. ಸಡ್ಬರಿಯ ಲೆಕ್ಕವನ್ನು ಹಾಗೆಯೇ ಅಲ್ಲಿಗೆ ಒಯ್ಯಲು ಬರುವುದಿಲ್ಲ. ಮಣ್ಣು ಬೇರೆ, ಮಳೆ ಬೇರೆ, ವಿಷವೂ ಬೇರೆ. ಒಯ್ಯಬಹುದಾದದ್ದು ಕೆಲಸದ ಕ್ರಮ. ಮೊದಲು ಮಾಲಿನ್ಯದ ಮೂಲ ನಿಲ್ಲಿಸುವುದು, ಆಮೇಲೆ ಆ ಮಣ್ಣಿನಲ್ಲಿ ಬೇರನ್ನು ಕೊಲ್ಲುತ್ತಿರುವುದೇನೆಂದು ಚಿಕ್ಕ ತಾಕುಗಳಲ್ಲಿ ಪರೀಕ್ಷಿಸಿ ತಿಳಿಯುವುದು, ಕೊನೆಗೆ ಗಿಡ ನೆಡುವುದು. ಮತ್ತು ಗಣಿಯ ಕೆಲಸ ಕಳೆದುಕೊಂಡವರಿಗೇ ಆ ಕೂಲಿ ಸಿಗುವಂತೆ ನೋಡಿಕೊಳ್ಳುವುದು. ವನಮಹೋತ್ಸವದ ದಿನ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಬರುವುದರಿಂದ ಇಂಥ ನೆಲ ಸರಿಯಾಗದು ಎಂಬುದಕ್ಕೆ ಸಡ್ಬರಿಯಲ್ಲಿ ಸತ್ತ ಮೊದಲ ಸಸಿಗಳೇ ಸಾಕ್ಷಿ.

ಈ ಬೇಸಿಗೆಯಲ್ಲಿ ಆ ಕಡೆ ಹೋಗುವವರು ಸ್ವಲ್ಪ ಬಿಡುವು ಮಾಡಿಕೊಂಡು ಕಾನಿಸ್ಟನ್‌ನಲ್ಲಿ ಜೇನ್ ಗುಡಾಲ್ ಅವರ ಹೆಸರಿನ ಕಾಲುದಾರಿಯಲ್ಲಿ ಮಕ್ಕಳನ್ನು ನಡೆಸಿಕೊಂಡು ಹೋಗಿ. ಹಳೆಯ ಕುಲುಮೆಯ ಸುತ್ತಲಿನ ನೆಲ ಅದು. ಮರದ ಬುಡದಲ್ಲಿ ಬಗ್ಗಿ ನೋಡಿದರೆ ಎಲೆಗಳ ಕೆಳಗೆ ಹೊಸ ಮಣ್ಣಿನ ಪದರ ಎಷ್ಟು ತೆಳುವಾಗಿದೆ ಎಂದು ಗೊತ್ತಾಗುತ್ತದೆ. ಒಂದು ಜೀವಮಾನದಲ್ಲಿ ಕಳೆದುಕೊಂಡದ್ದನ್ನು ಇನ್ನೊಂದು ಜೀವಮಾನದಲ್ಲಿ ಎಷ್ಟರ ಮಟ್ಟಿಗೆ ಮರಳಿ ಪಡೆಯಬಹುದು ಎಂಬ ಲೆಕ್ಕ ಆ ಪದರದಲ್ಲಿದೆ. ಮಕ್ಕಳು ‘ಮಣ್ಣು ಈಗ ಕ್ಲೀನ್ ಆಯ್ತಾ?’ ಎಂದು ಕೇಳಿದರೆ, ಇಲ್ಲ, ಇನ್ನೂ ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಿ.